ರೋಮಿನಲ್ಲಿ ಸಿಸ್ಟರ್ ಆಗ್ನೆಸೆಯವರ ತಮ್ಮ

ಹರಿಹರ

ನಾನು ರೋಮಿಗೆ ಹೋಗಿ ಬಂದೆನೆಂದು ತಿಳಿದ ಮೇಲೆ ದಾವಣಗೆರೆಯಲ್ಲಿ ಎಲ್ಲರೂ ಎರಡೇ ಪ್ರಶ್ನೆ ಕೇಳುತ್ತಾರೆ. ಪೋಪರನ್ನು ನೋಡಿದೆಯಾ, ಊಟಕ್ಕೆ ಏನು ಮಾಡಿದೆ. ಪೋಪರನ್ನು ನೋಡಲಿಲ್ಲ, ಅವರು ಬಿಸಿಲು ತಡೆಯದೆ ಬೆಟ್ಟದ ಮನೆಗೆ ಹೋಗಿದ್ದರು. ಊಟಕ್ಕೆ ಬ್ರೆಡ್ಡು, ಟೊಮೆಟೊ, ಮನೆಯಿಂದ ಒಯ್ದ ಶೇಂಗಾ ಚಟ್ನಿಪುಡಿ. ಇಷ್ಟು ಹೇಳಿದರೆ ಕೇಳುವವರಿಗೆ ಸಮಾಧಾನವಾಗುತ್ತದೆ. ನನಗೆ ಆಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಹರಿಹರದಲ್ಲಿ. ಕೊಟ್ಟದ್ದು ದಾವಣಗೆರೆಗೆ, ಅಂದರೆ ರೈಲಿನಲ್ಲಿ ಒಂದು ತೂಕಡಿಕೆಗೂ ಸಾಲದಷ್ಟು ದೂರ. ಓದಿದ್ದು ಹರಿಹರದ ಕಾನ್ವೆಂಟಿನಲ್ಲಿ, ಸಿಸ್ಟರ್ ಆಗ್ನೆಸೆಯವರ ಕೈಕೆಳಗೆ. ಅವರು ಇಟಲಿಯವರು. ಇಪ್ಪತ್ಮೂರನೇ ವಯಸ್ಸಿಗೆ ಹಡಗು ಹತ್ತಿ ಬಂದವರು ಮತ್ತೆ ತಮ್ಮ ಊರು ನೋಡಿಲ್ಲ. ನಮಗೆಲ್ಲ ಪುಸ್ತಕದ ಇಂಗ್ಲಿಷು ಕಲಿಸಿದರು. ಆದರೆ ತಾವು ಕನ್ನಡ ಕಲಿತದ್ದು ಕಾನ್ವೆಂಟಿನ ಔಷಧದ ಕೋಣೆಯ ಮುಂದೆ ಸಾಲುಗಟ್ಟಿ ಕೂರುತ್ತಿದ್ದ ಹೆಂಗಸರಿಂದ. ಹಾಗಾಗಿ ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, “ಯಾಕವ್ವ, ಮನಿಯಾಗೆ ಎಮ್ಮಿ ಈದಿತ್ತೇನು?” ಎಂದು ಕೇಳುತ್ತಿದ್ದರು. ಅಷ್ಟು ಬೆಳ್ಳಗಿನ ಮುಖದಿಂದ ಆ ಮಾತು ಬರುವುದನ್ನು ಕೇಳಿ ನಕ್ಕರೆ ಇನ್ನಷ್ಟು ಬೈಸಿಕೊಳ್ಳಬೇಕಾಗುತ್ತಿತ್ತು.

ಅವರಿಗೆ ಸಿನಿಮಾ ಎಂದರೆ ಆಗುತ್ತಿರಲಿಲ್ಲ. ಎಂಟನೇ ತರಗತಿಯಲ್ಲಿ ನಾನು ಚಿಕ್ಕಮ್ಮನ ಜೊತೆ ಹೊಳೆದಂಡೆಯ ಟೂರಿಂಗ್ ಟಾಕೀಸಿಗೆ ಹೋಗಿ ಬಂದು, ಮರುದಿನ ಕಸೂತಿ ಹಾಕುವಾಗ ಮರೆತು ಆ ಹಾಡು ಗುನುಗಿದೆ. ಅರ್ಧ ಗಂಟೆ ಜಗಲಿಯ ಕಲ್ಲಿನ ಮೇಲೆ ಮೊಣಕಾಲೂರಿಸಿದರು.

ಹೀಗಿರುವಾಗ, ನಾವು ಇಟಲಿಗೆ ಹೊರಟಿದ್ದೇವೆಂದು ಹೇಳಲು ಹೋದ ದಿನ ಅವರು ಔಷಧದ ಕೋಣೆಯ ಬಾಗಿಲು ಮುಂದೆ ಮಾಡಿ, ರೋಮಿನಲ್ಲಿ ತಮಗೊಬ್ಬ ತಮ್ಮನಿದ್ದಾನೆ, ಸಿನಿಮಾ ತೆಗೆಯುವುದೇ ಅವನ ಉದ್ಯೋಗ ಎಂದರು. ನನ್ನ ಮೊಣಕಾಲುಗಳೇ ಬೆಚ್ಚಿದವು. ಹೆಸರು ಅತ್ತಿಲಿಯೊ. ಒಂದು ಕಾಲಕ್ಕೆ ಆ ದೇಶದಲ್ಲೆಲ್ಲ ಹೆಸರಾದ ನಿರ್ದೇಶಕನಂತೆ. ಅವನ ಒಂದು ಚಿತ್ರವನ್ನೂ ಅವರು ನೋಡಿಲ್ಲ. ಅವರ ನಿಯಮ ಬಿಡುವುದಿಲ್ಲ.

ತಮ್ಮನಿಗೆ ಕೊಡಲು ತಾವೇ ಹೆಣೆದ ಬಿಳಿ ಲೇಸಿನ ಬಟ್ಟೆಯೊಂದನ್ನು ಕೊಟ್ಟರು. ಆಮೇಲೆ ಪ್ರಾರ್ಥನೆಯ ಪುಸ್ತಕದೊಳಗಿನಿಂದ ತಾಯಿಯ ಫೋಟೊ ತೆಗೆದರು. ಅದನ್ನು ನಾವೆಲ್ಲ ಶಾಲೆಯಲ್ಲಿದ್ದಾಗಲೇ ಕದ್ದು ನೋಡಿದ್ದೆವು. ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿಬಿದ್ದ, ಓಲೆ ಹರಿದು ಕಿವಿಯ ಹಾಲೆ ಎರಡಾದ ಹೆಂಗಸು. ಯುದ್ಧದ ವರ್ಷಗಳಲ್ಲಿ ಇಟಲಿಯಿಂದ ಪತ್ರಗಳು ಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ಬಂದ ಮೊದಲ ಪತ್ರದಲ್ಲಿ ಒಂದೇ ಸಾಲು: ಅಮ್ಮ ತೀರಿಕೊಂಡರು. ಹೇಗೆ, ಯಾರಿದ್ದರು, ಏನಂದರು ಎಂದು ಸಿಸ್ಟರ್ ಪ್ರತಿ ತಿಂಗಳೂ ಬರೆದು ಕೇಳಿದ್ದಾರೆ. ಹದಿನಾಲ್ಕು ವರ್ಷದಿಂದ ತಮ್ಮ ಅದೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಉತ್ತರ ಬರೆಯುತ್ತಾನೆ.

“ನನಗೆ ಬ್ಯಾರೆ ಏನೂ ಬ್ಯಾಡವ್ವ,” ಎಂದರು. “ನಮ್ಮವ್ವ ಕೊನೀಗೆ ಏನಂದ್ಲು, ಅಷ್ಟು ಕೇಳ್ಕಂಡು ಬಾ.”

ಬಾಗಿಲು ಹಾಕಿದ ಊರು

ನಮ್ಮ ಮನೆಯವರು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ನೂಲುವ ಖಾತೆ ನೋಡಿಕೊಳ್ಳುವವರು. ಹೊಸ ಯಂತ್ರ ನೋಡಿ ಬರಲೆಂದು ಗಿರಣಿಯವರು ಕಳಿಸಿದ್ದರು. ನನ್ನನ್ನು ಕರೆದುಕೊಂಡು ಹೋದದ್ದು ಪ್ರೀತಿಗಲ್ಲ, ಇಂಗ್ಲಿಷಿಗೆ. ಯಂತ್ರದ ಮುಂದೆ ಅವರ ನಾಲಿಗೆ ಚೆನ್ನಾಗಿ ಹೊರಳುತ್ತದೆ, ಮನುಷ್ಯರ ಮುಂದೆ ತಡವರಿಸುತ್ತದೆ.

ಹಡಗು ಇಳಿದು, ರೈಲು ಹತ್ತಿ, ರೋಮಿನಲ್ಲಿರುವ ಯಂತ್ರದ ಕಂಪನಿಯ ಕಚೇರಿಯ ಮುಂದೆ ಬಂದು ನಿಂತರೆ ಬಾಗಿಲಿಗೆ ಬೀಗ. ಒಂದು ಚೀಟಿ ಅಂಟಿಸಿದ್ದರು. ಸಿಸ್ಟರ್ ಕಲಿಸಿದ್ದ ನಾಲ್ಕು ಪದಗಳ ಬಲದಿಂದ ಓದಿದೆ: ರಜೆ. ಆಗಸ್ಟ್ ಬಂದರೆ ಆ ದೇಶವೇ ಬಾಗಿಲು ಹಾಕಿಕೊಂಡು ಸಮುದ್ರಕ್ಕೆ ಹೋಗುತ್ತದಂತೆ. ಅಂಗಡಿಯವನು, ಕ್ಷೌರದವನು, ಡಾಕ್ಟರು, ಎಲ್ಲರೂ. ಉತ್ತರದಲ್ಲಿದ್ದ ಕಾರ್ಖಾನೆಯೂ ಮುಚ್ಚಿತ್ತು. ನಮಗೆ ಯಾರೂ ಹೇಳಿರಲಿಲ್ಲ; ನಾವೂ ಕೇಳಿರಲಿಲ್ಲ. ಶ್ರಾವಣದಲ್ಲಿ ಗಿರಣಿ ಮುಚ್ಚುತ್ತೀರಾ ಎಂದು ಯಾರಾದರೂ ಕೇಳುತ್ತಾರೆಯೇ?

ಮನೆಯವರು ಆ ಬೀಗವನ್ನು ಎರಡು ಸಲ ಎಳೆದು ನೋಡಿದರು. “ಗಿರಣಿಗೆ ಬೀಗ ಬೀಳ್ಬಕಂದ್ರೆ ಮುಷ್ಕರ ಆಗ್ಬಕು, ಇಲ್ಲ ಮಾಲೀಕ ಸಾಯ್ಬಕು,” ಎಂದರು. “ಈಸಾಡಾಕೆ ಹೋಗ್ಯಾರಂದ್ರೆ ಏನ್ ದೇಶನೇ ಇದು?” ಅದರ ಮೇಲೆ ಎರಡು ದಿನ ಅವರು ಮಾತಾಡಲಿಲ್ಲ.

ಹೀಗೆ ಹನ್ನೆರಡು ದಿನ ರೋಮಿನಲ್ಲಿ ಸಿಕ್ಕಿಬಿದ್ದೆವು. ಪೀನಾ ಎಂಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಹಿಡಿದೆವು. ಆಕೆ ಕಾಲುಚೀಲಕ್ಕೂ ಇಸ್ತ್ರಿ ಹಾಕುತ್ತಿದ್ದರು. ಮಧ್ಯಾಹ್ನ ಕಿಟಕಿಯ ಮರದ ರೆಪ್ಪೆ ಮುಚ್ಚಿ ಮಲಗಿದರೆ ಓಣಿಯಲ್ಲಿ ನಾಯಿಯೂ ಬೊಗಳುತ್ತಿರಲಿಲ್ಲ. ಮೇಲಿನ ಮನೆಯವರು ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಬಿಟ್ಟು, ಬಾವಿಯಿಂದ ನೀರು ಸೇದಿದಂತೆ ಬ್ರೆಡ್ಡು ಸೇದಿಕೊಳ್ಳುತ್ತಿದ್ದರು. ಕಾಫಿಯನ್ನು ನಿಂತುಕೊಂಡೇ ಒಂದು ಗುಟುಕಿಗೆ ಕುಡಿದು ಹೋಗುತ್ತಾರೆ. ನಮ್ಮಲ್ಲಿ ಹಾಗೆ ಕುಡಿದು ಎದ್ದರೆ ಯಾರಿಗೆ ಏನಾಯಿತೋ ಎಂದು ಗಾಬರಿಯಾಗುತ್ತದೆ. ಒಂದು ಬೆಳಿಗ್ಗೆ ಟ್ರಾಮಿನಲ್ಲಿ ಹೆಂಗಸೊಬ್ಬಳು ನನ್ನ ಹಣೆ ನೋಡಿ ಅಯ್ಯೋ ಎಂದು ಕರವಸ್ತ್ರ ತೆಗೆದಳು. ಕುಂಕುಮವನ್ನು ಗಾಯವೆಂದುಕೊಂಡಿದ್ದಳು. ಒರೆಸಿಯೇ ಬಿಡುತ್ತಿದ್ದಳೇನೋ, ಮನೆಯವರು ನಡುವೆ ಕೈ ಅಡ್ಡ ಹಿಡಿದರು. ಎರಡು ದಿನದ ಮೌನ ಆಗ ಮುರಿಯಿತು.

ಐದನೇ ಮಹಡಿ

ಹೆಸರಾದ ನಿರ್ದೇಶಕರೆಂದರೆ ಬಂಗಲೆ, ಕಾರು, ಕಾವಲಿನವನು ಎಂದುಕೊಂಡಿದ್ದೆ. ವಿಳಾಸ ಹುಡುಕಿ ಐದು ಮಹಡಿ ಹತ್ತಿ ಬಾಗಿಲು ತಟ್ಟಿದರೆ, ಬನಿಯನ್ನು ತೊಟ್ಟ, ನೊಣ ಹೊಡೆಯಲು ಮಡಚಿದ ಪತ್ರಿಕೆ ಹಿಡಿದ ಐವತ್ತರ ಗಂಡಸು ಬಾಗಿಲು ತೆರೆದರು. ಊರವರೆಲ್ಲ ಸಮುದ್ರಕ್ಕೆ ಹೋದಾಗ ಹೋಗಲಾಗದೆ ಉಳಿದವರಲ್ಲಿ ಅವರೂ ಒಬ್ಬರು.

ಸಿಸ್ಟರ್ ಹೆಸರು ಹೇಳಿದೆ. ಅವರು ಒಳಗೆ ಹೋದರು. ನಾವು ಹೊಸ್ತಿಲಲ್ಲೇ ನಿಂತೆವು. ಹೊರಗೆ ಬಂದಾಗ ಆ ಬಿಸಿಲಿನಲ್ಲಿ ಕೋಟು ತೊಟ್ಟು ಟೈ ಕಟ್ಟಿದ್ದರು. ಅಕ್ಕ ಕಳಿಸಿದವರನ್ನು ಬನಿಯನ್ನಿನಲ್ಲಿ ಕಾಣುವುದು ಅವರಿಂದಾಗಲಿಲ್ಲ. ಲೇಸಿನ ಬಟ್ಟೆಯನ್ನು ಬಿಡಿಸಿ ನೋಡುವ ಮೊದಲು ಮೂಸಿದರು. ಇದು ಯಾವ ವಾಸನೆ ಎಂದು ಕೇಳಿದರು. ಔಷಧದ ಕೋಣೆಯದು ಎಂದೆ.

ಅಮೆರಿಕದ ಸೈನಿಕರಿಂದ ಕಲಿತ ಇಂಗ್ಲಿಷಿನಲ್ಲಿ ಅವರು ತಮ್ಮ ಕಥೆ ಹೇಳಿದರು. ಯಾವನೋ ತುಂಟ ಅಳಿಯನ ಬಗ್ಗೆ ಹೇಳುವಂತೆ ನಗುತ್ತ ಹೇಳಿದರು. ತಂದೆ ಸಣ್ಣ ಊರಿನಲ್ಲಿ ಬ್ರೆಡ್ಡು ಸುಡುವವರು. ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಸನ್ಯಾಸಿನಿಯಾಗಿ ಹೊರಟ ವರ್ಷವೇ ತಮ್ಮ ರೋಮಿಗೆ ಓಡಿ ಬಂದು ಸ್ಟುಡಿಯೊದಲ್ಲಿ ಬಡಗಿಯಾದ. ಹತ್ತು ವರ್ಷ ಬಾಗಿಲುಗಳನ್ನು ಮಾಡಿದರಂತೆ. ತೆರೆದರೆ ಹಿಂದೆ ಕೋಣೆಯೇ ಇಲ್ಲದ ಬಾಗಿಲುಗಳು. ಆಗಿನ ಸರ್ಕಾರಕ್ಕೆ ಪರದೆಯ ಮೇಲೆ ಬಡವರು ಕಾಣಬಾರದು. ಹಾಗಾಗಿ ಎಲ್ಲ ಚಿತ್ರದಲ್ಲೂ ದೊಡ್ಡ ಮನೆ, ದೊಡ್ಡ ಬಾಗಿಲು. ಬಡಗಿಯಿಂದ ಸಹಾಯಕ, ಸಹಾಯಕನಿಂದ ನಿರ್ದೇಶಕ. ಅಂಥ ನಾಲ್ಕು ನಗೆಚಿತ್ರ ತೆಗೆಯುವಷ್ಟರಲ್ಲಿ ಯುದ್ಧ ಬಂತು. ಸ್ಟುಡಿಯೊದಲ್ಲಿ ಮನೆ ಕಳೆದುಕೊಂಡವರು ಬಂದು ತುಂಬಿದರು. ಚಿತ್ರ ತೆಗೆಯಲು ಓಣಿಯೊಂದೇ ಉಳಿದಿತ್ತು. ನಟರಿಲ್ಲದೆ ಓಣಿಯವರನ್ನೇ ನಿಲ್ಲಿಸಿ, ಯುದ್ಧಕ್ಕೆ ಹೋದ ಮಗನಿಗಾಗಿ ಕಾಯುವ ಒಬ್ಬ ಮುದುಕಿಯ ಕಥೆ ತೆಗೆದರು. ಅದೊಂದು ಚಿತ್ರಕ್ಕೆ ನಾಲ್ಕಾರು ದೇಶಗಳ ಬಹುಮಾನ ಬಂತು. ಗೋಡೆಯ ಮೇಲೆ ಇದ್ದವು. ಅದರ ನಂತರ ತೆಗೆದ ಮೂರನ್ನು ಯಾರೂ ನೋಡಲಿಲ್ಲ. ಈಗ ಪುರಾಣದ ಪೈಲ್ವಾನರ ಚಿತ್ರ ತೆಗೆಯುತ್ತಾರೆ.

ಸಿಸ್ಟರ್ ಕೇಳಿ ಕಳಿಸಿದ್ದನ್ನು ಕೇಳಿದೆ. ಅವರ ನಗು ಹೋಯಿತು. ಲೇಸನ್ನು ಮಡಿಕೆ ಮೇಲೆ ಮಡಿಕೆ ಮಡಚುತ್ತ, “ನಿದ್ದೆಯಲ್ಲೇ ಹೋದರು,” ಎಂದರು. ಸಿಸ್ಟರ್ ಇದ್ದಿದ್ದರೆ ನನ್ನ ಮುಖ ನೋಡಿ ಹೇಳು ಎನ್ನುತ್ತಿದ್ದರು. ನಾನು ಅನ್ನಲಿಲ್ಲ. ನಾಳೆ ಚಿತ್ರೀಕರಣಕ್ಕೆ ಬನ್ನಿ ಎಂದು ಅವರೇ ಮಾತು ಬದಲಿಸಿದರು.

ರಟ್ಟಿನ ಕಂಬಗಳು

ಊರಾಚೆಯ ಬಯಲಿನಲ್ಲಿ ದೇವಾಲಯ ಕಟ್ಟಿದ್ದರು. ಮುಂದಿನಿಂದ ಅಮೃತಶಿಲೆ, ಹಿಂದಿನಿಂದ ರಟ್ಟು. ಮೈಗೆಲ್ಲ ಎಣ್ಣೆ ಹಚ್ಚಿಕೊಂಡ, ಮೊಣಕಾಲಿನ ಮೇಲಿನ ಲಂಗ ತೊಟ್ಟ ದಾಂಡಿಗನೊಬ್ಬ ಎರಡು ಕಂಬಗಳನ್ನು ತಳ್ಳಿ ಬೀಳಿಸಬೇಕು. ನಿನ್ನೆಯವರೆಗೆ ಅವನು ಮಾಂಸದಂಗಡಿಯಲ್ಲಿದ್ದನಂತೆ. ಕಂಬ ಬಿದ್ದು ಗಾಳಿಗೆ ಉರುಳಿಕೊಂಡು ಹೋಗುತ್ತಿತ್ತು. ನಾಲ್ಕು ಜನ ಅದರ ಹಿಂದೆ ಓಡುತ್ತಿದ್ದರು. ಮನೆಯವರು ಬೀಗದ ದುಃಖ ಮರೆತು ಮೊದಲ ಸಲ ನಕ್ಕರು.

ನನಗೆ ನಗು ನಿಂತದ್ದು ಪ್ರೇಮದ ದೃಶ್ಯದಲ್ಲಿ. ರಾಣಿ ಕಣ್ಣು ತುಂಬಿಕೊಂಡು ಅವನ ಎದೆಗೆ ಒರಗಿ ಏನೋ ಹೇಳುತ್ತಾಳೆ. ಕಿವಿಗೊಟ್ಟು ಕೇಳಿದರೆ: ಒಂದು, ಎರಡು, ಮೂರು, ನಾಲ್ಕು. ಅವನು ನಿಟ್ಟುಸಿರು ಬಿಟ್ಟು: ಐದು, ಆರು, ಏಳು. ಇಟಲಿಯ ಅಂಕಿಗಳು ನನಗೆ ಗೊತ್ತು. ಪಕ್ಕದಲ್ಲಿ ಬಡಗಿಗಳು ಮೊಳೆ ಹೊಡೆಯುತ್ತಲೇ ಇದ್ದಾರೆ. ಅತ್ತಿಲಿಯೊ ಅವರು ಅಳು, ಇನ್ನೂ ಅಳು, ಈಗ ತಿರುಗು ಎಂದು ಕೂಗುತ್ತಲೇ ಇದ್ದಾರೆ. ದೂರದಲ್ಲಿ ರೈಲು ಸಿಳ್ಳೆ ಹಾಕಿತು, ಯಾರೂ ಲೆಕ್ಕಕ್ಕಿಡಲಿಲ್ಲ.

ಅಲ್ಲಿ ಚಿತ್ರ ತೆಗೆಯುವಾಗ ದನಿಯನ್ನು ಹಿಡಿಯುವುದೇ ಇಲ್ಲವಂತೆ. ತುಟಿ ಅಲ್ಲಾಡಿದರೆ ಸಾಕು. ಮಾತು, ನಗು, ಹೆಜ್ಜೆಯ ಸಪ್ಪಳ, ಎಲ್ಲವನ್ನೂ ಆಮೇಲೆ ಬೇರೆಯವರು ಕತ್ತಲ ಕೋಣೆಯಲ್ಲಿ ಕೂತು ತುಂಬುತ್ತಾರೆ. ನನಗೆ ಮೋಸ ಹೋದಂತಾಯಿತು. ಮನೆಯವರು ಮಾತ್ರ, “ನಮ್ಮಲ್ಲೂ ಹಾಡಿಗೆ ಬ್ಯಾರೆಯವ್ರ ದನಿ ಹಾಕಲ್ವೇನು?” ಎಂದರು. ಹಾಡು ಬೇರೆ, ಅಳು ಬೇರೆ ಎಂದೆ. “ಕೂಲಿ ಕೊಟ್ರೆ ಅದ್ನೂ ಅಳ್ತಾರೆ ಬಿಡು,” ಎಂದರು.

ಓಣಿಯ ಚಿತ್ರಮಂದಿರ

ಆಗಸ್ಟಿನಲ್ಲಿ ಹೊಸ ಚಿತ್ರಗಳು ಬರುವುದಿಲ್ಲ. ಹಳೆಯವನ್ನೇ ತಿರುಗಿ ಹಾಕುತ್ತಾರೆ. ನಮ್ಮ ಓಣಿಯ ತುದಿಯ ಚಿತ್ರಮಂದಿರದಲ್ಲಿ ಅತ್ತಿಲಿಯೊ ಅವರ ಆ ಹೆಸರಾದ ಚಿತ್ರ ಬಂತು. ಪೀನಾ ನಮ್ಮನ್ನು ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದರು. ಕೈಚೀಲದಲ್ಲಿ ಇಸ್ತ್ರಿ ಮಾಡಿದ ಎರಡು ಕರವಸ್ತ್ರ ಮೊದಲೇ ಇಟ್ಟುಕೊಂಡಿದ್ದರು, ಒಂದು ಅವರಿಗೆ, ಒಂದು ನನಗೆ.

ಭಾಷೆ ಬಾರದಿದ್ದರೂ ಕಥೆ ತಿಳಿಯುತ್ತಿತ್ತು. ಮುದುಕಿ ದಿನವೂ ಸ್ಟೇಷನ್ನಿಗೆ ಹೋಗುತ್ತಾಳೆ, ಬರುತ್ತಾಳೆ. ಅವಳ ಪಾತ್ರ ಮಾಡಿದಾಕೆ ಓಣಿಯ ತರಕಾರಿಯವಳಂತೆ. ತಲೆಗೆ ಕಪ್ಪು ಬಟ್ಟೆ ಕಟ್ಟಿ, ಹೆಚ್ಚಾಗಿ ಹಿಂದಿನಿಂದಲೇ ಕಾಣುತ್ತಾಳೆ. ಕೊನೆಗೆ ಹಾಸಿಗೆ ಹಿಡಿಯುತ್ತಾಳೆ. ಕಿಟಕಿಯ ಬೆಳಕು ಮುಖದ ಅರ್ಧಕ್ಕೆ ಬಿದ್ದಿದೆ. ಕಣ್ಣು ತೆರೆದು, ನೇರ ನಮ್ಮನ್ನೇ ನೋಡಿ ಹೇಳುತ್ತಾಳೆ: “ಕಿಟಕಿ ತೆರೆಯಿರಿ, ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತು.” ಪೀನಾ ಅದನ್ನು ಮುರುಕು ಇಂಗ್ಲಿಷಿನಲ್ಲಿ ನನ್ನ ಕಿವಿಯಲ್ಲಿ ಹೇಳಿದರು. ಆ ಮಾತು ಆ ದೇಶದಲ್ಲಿ ಎಲ್ಲರಿಗೂ ಬಾಯಿಪಾಠ. ಮಂದಿರವೆಲ್ಲ ಮೂಗೊರೆಸಿಕೊಂಡಿತು.

ನನಗೆ ಅಳು ಬರಲಿಲ್ಲ. ಹಾಸಿಗೆಯ ಮೇಲಿನ ಹೆಂಗಸಿನ ಎಡಗಣ್ಣಿನ ರೆಪ್ಪೆ ಇಳಿಬಿದ್ದಿತ್ತು. ಕಿವಿಯ ಹಾಲೆ ಎರಡಾಗಿತ್ತು.

ಇನ್ನೊಂದು ಮಾತು. ನಮ್ಮಜ್ಜಿ ಕಡರನಾಯಕನಹಳ್ಳಿಯಲ್ಲಿ ತೀರಿಕೊಂಡಾಗ ನಾನು ಪಕ್ಕದಲ್ಲಿದ್ದೆ. ಅಜ್ಜಿಯ ಸುತ್ತ ಎಷ್ಟು ಜನ ಕೂತಿದ್ದರೆಂದರೆ ಗಾಳಿಯಾಡಲು ಜಾಗವಿರಲಿಲ್ಲ. ಒಬ್ಬರ ತೊಡೆಯ ಮೇಲೆ ತಲೆ, ಒಬ್ಬರ ಕೈಯಲ್ಲಿ ಕಾಲು, ಒಬ್ಬರು ಬಾಯಿಗೆ ನೀರು ಹನಿಸುತ್ತಿದ್ದರು. ಆಗ ಗಂಟಲಿನ ಕುಳಿ ಹೇಗೆ ಒಳಗೆ ಹೋಗಿ ಬರುತ್ತದೆಂದು ನೋಡಿದ್ದೇನೆ. ಪರದೆಯ ಮೇಲಿನ ಗಂಟಲೂ ಹಾಗೇ ಮಾಡಿತು. ಅದನ್ನು ಯಾರೂ ನಟಿಸಿ ತೋರಿಸಲಾರರು.

ಹೊರಗೆ ಬಂದು ಮನೆಯವರಿಗೆ, ಅದು ಸಿಸ್ಟರ್ ಅವರ ತಾಯಿ ಎಂದೆ. ವಯಸ್ಸಾದವರೆಲ್ಲ ಒಂದೇ ಥರ ಕಾಣುತ್ತಾರೆ ಎಂದರು. ಸ್ವಲ್ಪ ದೂರ ನಡೆದ ಮೇಲೆ ತಾವಾಗಿಯೇ, “ಆ ಉಸಿರು ನಾನೂ ನೋಡ್ದೆ ಬಿಡು,” ಎಂದರು.

ದನಿಯ ಕೋಣೆ

ಎರಡು ದಿನ ಬಿಟ್ಟು ಪೈಲ್ವಾನನಿಗೆ ದನಿ ತುಂಬುವುದನ್ನು ನೋಡಲು ಕರೆದಿದ್ದರು. ಹೋಗಲು ಮನಸ್ಸಿರಲಿಲ್ಲ, ಬಿಡಲೂ ಆಗಲಿಲ್ಲ.

ಅಲ್ಲಿ ಎಲ್ದಾ ಎಂಬಾಕೆ ಇದ್ದರು. ದುಂಡುಮುಖದ, ಮೂವತ್ತಾರರ ಹೆಂಗಸು. ಮಾತಿನ ನಡುವೆ ಬಿಡುವು ಸಿಕ್ಕರೆ ಮಗನ ಸ್ವೆಟರು ಹೆಣೆಯುತ್ತಿದ್ದರು. ಅಮೆರಿಕದ ಚಿತ್ರಗಳಿಗೆ ಇಟಾಲಿಯನ್ ದನಿ ಕೊಟ್ಟೂ ಕೊಟ್ಟೂ ಇಂಗ್ಲಿಷ್ ಕಲಿತಿದ್ದರು. ಹಾಗಾಗಿ ಕೂತುಕೊಳ್ಳಿ ಎನ್ನುವುದನ್ನೂ ಪಿಸ್ತೂಲು ಹಿಡಿದವರ ಧಾಟಿಯಲ್ಲೇ ಹೇಳಿದರು. ತಮ್ಮ ಕೆಲಸ ವಿವರಿಸಿದರು. ಚಿತ್ರದ ಒಂದು ತುಂಡಿನ ಎರಡು ತುದಿ ಅಂಟಿಸಿ ಬಳೆಯ ಹಾಗೆ ಮಾಡಿ ಓಡಿಸುತ್ತಾರೆ. ಅದೇ ಮುಖ, ಅದೇ ತುಟಿ, ಮತ್ತೆ ಮತ್ತೆ ಬರುತ್ತದೆ. ಎಲ್ದಾ ಮುಖ ನೋಡುವುದಿಲ್ಲ, ತುಟಿ ಮಾತ್ರ ನೋಡುತ್ತಾರೆ. ತುಟಿ ಮುಚ್ಚುವ ಕಡೆ ಮುಚ್ಚುವ ಅಕ್ಷರ ಬೀಳಬೇಕು.

ಹಾಗಾದರೆ ಆ ಮುದುಕಿಗೆ ದನಿ ಕೊಟ್ಟವರು ಯಾರು ಎಂದು ಕೇಳಿದೆ.

“ನಾನೇ. ನನಗಾಗ ಇಪ್ಪತ್ತೆರಡು.”

ಅವರು ಏನು ಹೇಳುತ್ತಿದ್ದರೆಂದು ನಿಮಗೆ ತಿಳಿಯಿತೇ ಎಂದೆ. ಎಲ್ದಾ ಹೆಣಿಗೆಯನ್ನು ತೊಡೆಯ ಮೇಲಿಟ್ಟರು. ಬಾಗಿಲ ಕಡೆ ನೋಡಿದರು. ಅತ್ತಿಲಿಯೊ ಅವರು ಹೊರಗೆ ಸಿಗರೇಟು ಸೇದಲು ಹೋಗಿದ್ದರು. ಕಾಗದದಲ್ಲಿ ಬರೆದಿದ್ದ ಮಾತು ಆ ತುಟಿಗೆ ಕೂರುತ್ತಿರಲಿಲ್ಲವಂತೆ. ಅರ್ಧ ದಿನ ಒದ್ದಾಡಿ, ಕೊನೆಗೆ ತುಟಿ ನಿಜವಾಗಿ ಹೇಳುತ್ತಿರುವುದನ್ನೇ ಇವರು ಓದಿಬಿಟ್ಟರು. ಮೊದಲು ಕಂಡದ್ದು ಒಂದು ಹೆಸರು. ಚಿತ್ರದಲ್ಲಿ ಮಗನ ಹೆಸರು ಬೇರೆ. ತುಟಿ ಹೇಳಿದ ಹೆಸರು ಅತ್ತಿಲಿಯೊ.

“ಅತ್ತಿಲಿಯೊ, ಅದನ್ನು ಬಿಡು. ಬಂದು ಇಲ್ಲಿ ಕೂತುಕೊ,” ಎಂದರು ಎಲ್ದಾ. ಹೇಳುವಾಗ ಅವರಿಗೇ ಗೊತ್ತಿಲ್ಲದೆ ಮುದುಕಿಯ ದನಿಯೇ ಬಂದಿತ್ತು.

ಆ ದಿನ ಎಲ್ದಾ ಅದನ್ನು ಅತ್ತಿಲಿಯೊ ಅವರಿಗೆ ಹೇಳಿದರು. ಅವರು ಇನ್ನೊಮ್ಮೆ ಓಡಿಸಿ ಎಂದರು. ಮತ್ತೆ ಇನ್ನೊಮ್ಮೆ. ಇಪ್ಪತ್ತು ಸಲ ನೋಡಿದ ಮೇಲೆ, ಕಾಗದದಲ್ಲಿ ಇರುವುದನ್ನೇ ಓದಿ ಎಂದರು.

ಸಿಗರೇಟು ಮುಗಿಸಿ ಒಳಗೆ ಬಂದವರು ನಮ್ಮ ಮುಖ ನೋಡಿಯೇ ತಿಳಿದುಕೊಂಡರು. ಕುರ್ಚಿ ಎಳೆದುಕೊಂಡು ಕೂತು, ಯಾರೂ ಕೇಳದೆ ಹೇಳಿದರು. ಸಾಯುವ ದೃಶ್ಯಕ್ಕೆ ಹಾಸಿಗೆಯ ಮೇಲೆ ಮಲಗಲು ತರಕಾರಿಯವಳು ಒಪ್ಪಲಿಲ್ಲ, ಅಪಶಕುನವೆಂದಳು. ಓಣಿಯಲ್ಲಿ ಯಾರೂ ಒಪ್ಪಲಿಲ್ಲ. ಉಳಿದ ಫಿಲ್ಮು ಒಂದೇ ರೀಲು. ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು. ಡಾಕ್ಟರು ಇನ್ನೂ ಎರಡು ದಿನ ಎಂದಿದ್ದರು. ಮಲಗಿದ್ದಾರಲ್ಲ, ಮಲಗಿರುವುದನ್ನಷ್ಟೇ ತೆಗೆಯೋಣವೆಂದು ಕ್ಯಾಮೆರಾ ತಂದರು.

“ಬೆಳಿಗ್ಗೆ ಹನ್ನೊಂದು ಗಂಟೆ. ಬೆಳಕು ಚೆನ್ನಾಗಿತ್ತು,” ಎಂದರು.

ನಾನು ಅವರ ಮುಖವನ್ನೇ ನೋಡಿದೆ. ಈ ಮಾತನ್ನು ಆಡಿದವರಿಗೆ ಕೊಂಬು ಇರಬೇಕಿತ್ತು. ಇರಲಿಲ್ಲ. ಕುತ್ತಿಗೆಯ ಟೈ ವಾರೆಯಾಗಿತ್ತು.

ತಾಯಿ ಕಣ್ಣು ತೆರೆದರು, ಏನೋ ಅಂದರು. ಕ್ಯಾಮೆರಾದ ಸದ್ದು ಹೊಲಿಗೆ ಯಂತ್ರದ ಹಾಗೆ, ಮಾತು ಕೇಳಿಸಲಿಲ್ಲ. ಇಂಥದು ಮತ್ತೆ ಯಾರಿಗೂ ಸಿಗುವುದಿಲ್ಲ ಎಂದಷ್ಟೇ ಆಗ ಅನ್ನಿಸಿತಂತೆ. ರೀಲು ಮುಗಿದ ಮೇಲೆ ಹೋಗಿ ಪಕ್ಕದಲ್ಲಿ ಕೂತರಂತೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಮನೆಯವರಿಗೆ ಸುಮ್ಮನಿರಲಾಗದೆ, ಆ ಕ್ಯಾಮೆರಾದಲ್ಲಿ ಒಂದು ರೀಲು ಎಷ್ಟು ಹೊತ್ತು ಓಡುತ್ತದೆ ಎಂದು ಕೇಳಿದರು. ಯಂತ್ರದವರ ಪ್ರಶ್ನೆ. ನನಗೆ ನಾಚಿಕೆಯಾಯಿತು. ಅತ್ತಿಲಿಯೊ ಅವರು ಮಾತ್ರ ನಾಲ್ಕು ನಿಮಿಷ ಎಂದು ಸಹಜವಾಗಿಯೇ ಹೇಳಿದರು.

ಬೀಳ್ಕೊಡುವಾಗ ಮೆಟ್ಟಿಲವರೆಗೆ ಬಂದರು. ಅಕ್ಕನ ಪತ್ರ ಪ್ರತಿ ತಿಂಗಳ ಮೊದಲ ವಾರ ಬರುತ್ತದೆ, ತನಗೆ ಈಗ ಬರುವುದು ಅದೊಂದೇ ಪತ್ರ ಎಂದರು. “ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಹೇಳಿದ ಮೇಲೆ ಪತ್ರ ನಿಂತರೆ, ಯಾಕೆ ನಿಂತಿತೆಂದು ನಾನು ಕೇಳುವುದಿಲ್ಲ.”

ಮತ್ತೆ ಹರಿಹರ

ಆಗಸ್ಟು ಮುಗಿದು, ಸಮುದ್ರದಿಂದ ಜನ ಕಪ್ಪಾಗಿ ಮರಳಿ ಬಂದು, ಬೀಗ ತೆರೆದು, ಮನೆಯವರು ಯಂತ್ರ ನೋಡಿದರು. ಅದನ್ನು ಅವರು ಬರೆಯಲಿ. ನನಗೆ ಹಡಗಿನಲ್ಲಿ ವಾಪಸು ಬರುವ ಅಷ್ಟೂ ದಿನ ತಲೆಯಲ್ಲಿ ಒಂದೇ ಮಾತು.

“ನಿದ್ದಿಯಾಗೆ ಹೋದ್ರು ಅನ್ನು, ಮುಗೀತು,” ಎಂದು ಮನೆಯವರು ಹೇಳಿಕೊಟ್ಟರು. “ಮುದುಕಿಗೆ ಸಮಾಧಾನ, ಅವ್ನಿಗೆ ಕಾಗದ. ನಿನಗೇನು ಹೋಗ್ಬಕು ಇದ್ರಾಗೆ?” ಅವರ ಮಾತು ಸರಿಯಾಗಿಯೇ ಇತ್ತು. ನಾನು ಅಭ್ಯಾಸವನ್ನೂ ಮಾಡಿಕೊಂಡೆ. ನಿದ್ದೆಯಲ್ಲಿ ಹೋದರಂತೆ ಸಿಸ್ಟರ್. ನೋವಿರಲಿಲ್ಲವಂತೆ ಸಿಸ್ಟರ್. ಹಡಗಿನ ಕನ್ನಡಿಯ ಮುಂದೆ ಬಹಳ ಚೆನ್ನಾಗಿ ಬರುತ್ತಿತ್ತು.

ಹರಿಹರಕ್ಕೆ ಹೋದದ್ದು ಒಂದು ಬೆಳಿಗ್ಗೆ. ಔಷಧದ ಕೋಣೆಯ ಮುಂದೆ ಎಂದಿನ ಸಾಲು. ಸಿಸ್ಟರ್ ಒಳಗೆ ಹಳೆ ಸೀರೆ ಹರಿದ ಪಟ್ಟಿಗಳನ್ನು ಸುತ್ತುತ್ತ ಕೂತಿದ್ದರು.

“ಬಾರವ್ವ, ಕುಂತ್ಕ. ಇಳದಿದೀಯಲ್ಲ. ಅಲ್ಲಿ ಅನ್ನ ಹಾಕ್ಲಿಲ್ಲೇನು?”

ತಮ್ಮನ ಆರೋಗ್ಯ, ಮನೆ, ಎಷ್ಟು ಮಹಡಿ, ಕೋಟು ತೊಟ್ಟು ಬಂದದ್ದು, ಎಲ್ಲ ಹೇಳಿದೆ. ಕೋಟಿನ ಮಾತಿಗೆ ನಕ್ಕರು. ಆಮೇಲೆ ಅವರು ಏನೂ ಕೇಳಲಿಲ್ಲ. ಒಂದು ಸಲ ಕೇಳಿದ್ದನ್ನು ಎರಡನೇ ಸಲ ಕೇಳುವ ಅಭ್ಯಾಸ ಅವರಿಗಿಲ್ಲ. ಪಟ್ಟಿ ಸುತ್ತುತ್ತ ನನ್ನ ಮುಖ ನೋಡಿದರು, ಅಷ್ಟೇ.

ಕಲಿತಿದ್ದೆಲ್ಲ ಹೋಯಿತು. ಮೊದಲಿನಿಂದ ಕೊನೆಯವರೆಗೆ ಹೇಳಿಬಿಟ್ಟೆ. ತರಕಾರಿಯವಳು ಒಪ್ಪದ್ದು, ಒಂದೇ ರೀಲು ಉಳಿದದ್ದು, ಬೆಳಕು ಚೆನ್ನಾಗಿದ್ದದ್ದು. ತುಟಿ ಓದಿದ ಎಲ್ದಾ. ಅದನ್ನು ಬಿಡು, ಬಂದು ಇಲ್ಲಿ ಕೂತುಕೊ. ಹೇಳುವಾಗ ನನ್ನ ದನಿಯಲ್ಲಿ ಸಿಟ್ಟಿತ್ತು. ಅವರ ಪರವಾಗಿ ನಾನು ಸಿಟ್ಟಾಗಿದ್ದೆ.

ಸಿಸ್ಟರ್ ಕೈಯಲ್ಲಿನ ಪಟ್ಟಿ ನಿಂತಿತು.

“ಕುಂತನಾ?”

ರೀಲು ಮುಗಿದ ಮೇಲೆ ಎಂದೆ.

“ರೀಲು ಅಂದ್ರೆ ಎಷ್ಟೊತ್ತವ್ವ?”

ನಾಲ್ಕು ನಿಮಿಷ ಎಂದೆ. ಅವರು ಗೋಡೆಯ ಗಡಿಯಾರದ ಕಡೆ ನೋಡಿದರು. ಗಂಟೆ ನೋಡುತ್ತಿದ್ದಾರೆ, ಇನ್ನು ನನಗೆ ಹೊರಡು ಎನ್ನುತ್ತಾರೆ ಎಂದುಕೊಂಡೆ. ಹಾಗಲ್ಲ, ಅವರು ಮುಳ್ಳನ್ನು ನೋಡುತ್ತಿದ್ದರು. ಹೊರಗೆ ಮಗುವೊಂದು ಅತ್ತು ಸುಮ್ಮನಾಯಿತು. ಯಾರೋ ಕೆಮ್ಮಿದರು. ಮುಳ್ಳು ಒಂದು ಗೆರೆ ದಾಟಿತು, ಇನ್ನೊಂದು ದಾಟಿತು. ಈ ಕೋಣೆಯಲ್ಲಿ ಎಷ್ಟೋ ಜನರ ಕೊನೆಯ ಹೊತ್ತಿನಲ್ಲಿ ಪಕ್ಕದಲ್ಲಿ ಕೂತವರು ಅವರು. ನಾನು ಏಳಲಾಗದೆ ಕೂತೆ. ಅಷ್ಟು ಉದ್ದದ ಹೊತ್ತನ್ನು ನಾನು ಹಡಗಿನಲ್ಲೂ ಕಂಡಿರಲಿಲ್ಲ.

ನಾಲ್ಕನೇ ಗೆರೆ ದಾಟಿದ ಮೇಲೆ ಅವರು ನನ್ನ ಕಡೆ ತಿರುಗಿದರು.

“ಇಷ್ಟೊತ್ತೂ ಅಂವ ಒಬ್ಬನೇ ನಿಂತಿದ್ದನೇನವ್ವ?”

ಅವ್ವನ ಬಗ್ಗೆ ಕೇಳುತ್ತಾರೆಂದು ನಾನು ಕಾದಿದ್ದೆ. ಹೌದೆಂದು ತಲೆಯಾಡಿಸಿದೆ.

ಸಿಸ್ಟರ್ ಪಟ್ಟಿಗಳನ್ನು ಪಕ್ಕಕ್ಕೆ ಸರಿಸಿ, ಮೇಜಿನ ಖಾನೆಯಿಂದ ಕಾಗದ ತೆಗೆದರು. ಅದು ತಿಂಗಳ ನಡುವಿನ ದಿನ. ಅವರು ಪತ್ರ ಬರೆಯುವ ದಿನವಲ್ಲ. ಬರೆದು ಮುಗಿಸುವವರೆಗೆ ನನ್ನನ್ನು ಕೂರಿಸಿಕೊಂಡರು. ಹೊರಗಿನ ಸಾಲು ಕಾಯಿತು. ಇಟಾಲಿಯನ್ನಿನಲ್ಲಿ ಬರೆದದ್ದು, ನಾನು ಓದಲು ಹೋಗಲಿಲ್ಲ. ಕಾಗದದ ಎರಡೂ ಮಗ್ಗುಲು ತುಂಬಿತು. ಆಮೇಲೆ ಅವರು ಅದನ್ನು ಅಡ್ಡಕ್ಕೆ ತಿರುಗಿಸಿ, ಅಂಚಿನಲ್ಲಿ ಉಳಿದಿದ್ದ ಜಾಗದಲ್ಲೂ ಬರೆಯತೊಡಗಿದರು.